ನೊಂದವರ ಒತ್ತಾಸೆ: ಅದು ಯಾರಿಗೆ ಉತ್ತರದಾಯಿ?

ಭಾರತದ ಅಪರಾಧ ನ್ಯಾಯಪದ್ಧತಿಯಲ್ಲಿ ಅಪರಾಧವೆಂಬುದು ಮೊದಲಿಗೆ ರಾಜ್ಯದ ವಿರುದ್ಧ ನಡೆದ ಕೃತ್ಯ. ಆದ್ದರಿಂದಲೇ ಮೊಕದ್ದಮೆಯ ತಲೆಬರಹದಲ್ಲಿ ಒಂದು ಬದಿಗೆ ಸರ್ಕಾರ, ಇನ್ನೊಂದು ಬದಿಗೆ ಆರೋಪಿ ಇರುತ್ತಾರೆಯೇ ಹೊರತು ಪೆಟ್ಟು ತಿಂದವರು ಅಲ್ಲಿ ಕಾಣಿಸುವುದಿಲ್ಲ. ಅವರಿಗೆ ಸಿಗುವ ಜಾಗ ದೋಷಾರೋಪ ಪಟ್ಟಿಗೆ ಲಗತ್ತಿಸಿದ ಸಾಕ್ಷಿಗಳ ಯಾದಿಯಲ್ಲಿ, ‘ಚಾ.ಸಾ.1’ ಎಂಬ ಗುರುತಿನ ಎದುರಿಗೆ, ಅಂದರೆ ಚಾರ್ಜ್‌ಶೀಟಿನ ಮೊದಲನೆಯ ಸಾಕ್ಷಿಯಾಗಿ. ಈ ಏರ್ಪಾಡಿಗೆ ಗಟ್ಟಿಯಾದ ಕಾರಣವಿದೆ. ಸೇಡಿನ ಹಕ್ಕನ್ನು ವ್ಯಕ್ತಿಯ ಕೈಯಿಂದ ತೆಗೆದುಕೊಂಡು ಶಿಕ್ಷಿಸುವ ಹೊಣೆಯನ್ನು ರಾಜ್ಯವೇ ಹೊತ್ತುಕೊಂಡದ್ದು ನಾಗರಿಕ ಜೀವನದ ದೊಡ್ಡ ಗಳಿಕೆಗಳಲ್ಲಿ ಒಂದು, ಮತ್ತು ಬಡ ಫಿರ್ಯಾದಿ ತನ್ನ ಖರ್ಚಿನಲ್ಲಿ ಕೇಸು ನಡೆಸಬೇಕಾದ ಪ್ರಮೇಯ ತಪ್ಪಿದ್ದೂ ಅದರಿಂದಲೇ. ಆದರೆ ಕೇಸನ್ನು ರಾಜ್ಯ ತನ್ನದಾಗಿಸಿಕೊಂಡಾಗ, ನೋವು ಮಾತ್ರ ಅನುಭವಿಸಿದವರಲ್ಲೇ ಉಳಿಯಿತು. ಪೊಲೀಸ್ ಠಾಣೆ, ಸರ್ಕಾರಿ ಆಸ್ಪತ್ರೆ, ಮ್ಯಾಜಿಸ್ಟ್ರೇಟರ ಕೊಠಡಿ, ಸೆಷನ್ಸ್ ನ್ಯಾಯಾಲಯದ ಜಗಲಿ ಇವುಗಳ ನಡುವೆ ವರ್ಷಗಟ್ಟಲೆ ಅಲೆಯುವ ಆ ವ್ಯಕ್ತಿಯ ಜೊತೆಗೆ ಯಾರು ಇರಬೇಕು, ಹಾಗೆ ಇರುವವರು ಯಾರಿಗೆ ಉತ್ತರ ಹೇಳಬೇಕು ಎಂಬ ಪ್ರಶ್ನೆಗಳನ್ನು ನಮ್ಮ ವ್ಯವಸ್ಥೆ ಬಹಳ ತಡವಾಗಿ ಕೇಳಿಕೊಂಡಿತು, ಮತ್ತು ಎರಡನೆಯದಕ್ಕೆ ಇನ್ನೂ ಸ್ಪಷ್ಟ ಉತ್ತರ ಕೊಟ್ಟಿಲ್ಲ.

ಇಂಗ್ಲಿಷಿನಲ್ಲಿ ‘ವಿಕ್ಟಿಮ್ ಅಡ್ವೊಕೇಟ್’ ಎಂದು ಕರೆಯಲಾಗುವ ಈ ಕೆಲಸಗಾರರನ್ನು ಕನ್ನಡದಲ್ಲಿ ಹೆಸರಿಸಹೊರಟಾಗಲೇ ತೊಡಕು ಶುರುವಾಗುತ್ತದೆ. ಏಕೆಂದರೆ ಅಡ್ವೊಕೇಟ್ ಎಂದೊಡನೆ ಕನ್ನಡಿಗರ ಕಣ್ಣಿಗೆ ಕಟ್ಟುವುದು ಕರಿ ಕೋಟಿನ ವಕೀಲರು, ಆದರೆ ಈ ಕೆಲಸಕ್ಕೆ ವಕಾಲತ್ತು ಬೇಕಿಲ್ಲ. ಅಮೆರಿಕದಲ್ಲಿ 1970ರ ದಶಕದ ಆರಂಭದಲ್ಲಿ, ವಾಷಿಂಗ್ಟನ್‌ನಂಥ ನಗರಗಳಲ್ಲಿ, ಅತ್ಯಾಚಾರಕ್ಕೊಳಗಾದ ಹೆಂಗಸರೊಂದಿಗೆ ಆಸ್ಪತ್ರೆಗೂ ಠಾಣೆಗೂ ಹೋಗಿ ಕೂರುತ್ತಿದ್ದ ಸ್ವಯಂಸೇವಕಿಯರಿಂದ ಈ ವೃತ್ತಿ ರೂಪುಗೊಂಡಿತು. ಅಪರಾಧ ಮತ್ತು ಅಧಿಕಾರ ದುರುಪಯೋಗಗಳಿಂದ ನೊಂದವರಿಗೆ ನ್ಯಾಯಪ್ರಕ್ರಿಯೆಯ ಉದ್ದಕ್ಕೂ ತಕ್ಕ ನೆರವು ದೊರೆಯಬೇಕೆಂದು 1985ರ ನವೆಂಬರ್‌ನಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಘೋಷಿಸಿತು. ಕನ್ನಡದಲ್ಲಿ ಈ ಕೆಲಸದ ತಿರುಳಿಗೆ ಅತಿ ಹತ್ತಿರದ ಮಾತು ‘ಒತ್ತಾಸೆ’. ಒತ್ತಾಸೆಗೆ ನಿಲ್ಲುವವರು ಇನ್ನೊಬ್ಬರ ಪರವಾಗಿ ತಾವೇ ಮಾತಾಡುವುದಿಲ್ಲ. ಆ ಇನ್ನೊಬ್ಬರು ತಮ್ಮ ಮಾತನ್ನು ತಾವೇ ಆಡುವಷ್ಟು ಹೊತ್ತು ಕಾಲೂರಿ ನಿಲ್ಲಲು ನೆರವಾಗುತ್ತಾರೆ. ವಕೀಲಿಕೆಗೂ ಇದಕ್ಕೂ ಇರುವ ವ್ಯತ್ಯಾಸ ಇಷ್ಟೇ, ಆದರೆ ಮುಂದಿನ ವಾದವೆಲ್ಲ ಈ ವ್ಯತ್ಯಾಸದ ಮೇಲೆಯೇ ನಿಂತಿದೆ.

ಭಾರತದಲ್ಲಿ ಈ ಕಲ್ಪನೆಗೆ ನ್ಯಾಯಾಂಗದ ಮನ್ನಣೆ ದೊರೆತದ್ದು 1994ರ ಅಕ್ಟೋಬರ್‌ನಲ್ಲಿ, ‘ಡೆಲ್ಲಿ ಡೊಮೆಸ್ಟಿಕ್ ವರ್ಕಿಂಗ್ ವಿಮೆನ್ಸ್ ಫೋರಂ’ ಪ್ರಕರಣದಲ್ಲಿ. 1993ರ ಫೆಬ್ರವರಿಯಲ್ಲಿ ರಾಂಚಿಯಿಂದ ದೆಹಲಿಗೆ ಹೊರಟಿದ್ದ ಮೂರಿ ಎಕ್ಸ್‌ಪ್ರೆಸ್ ರೈಲಿನಲ್ಲಿ, ಮನೆಗೆಲಸ ಮಾಡಿ ಬದುಕುತ್ತಿದ್ದ ಆದಿವಾಸಿ ಹೆಣ್ಣುಮಕ್ಕಳ ಮೇಲೆ ಸೈನಿಕರು ನಡೆಸಿದರೆನ್ನಲಾದ ಲೈಂಗಿಕ ದೌರ್ಜನ್ಯ ಆ ಅರ್ಜಿಯ ಹಿನ್ನೆಲೆಯಾಗಿತ್ತು. ಅತ್ಯಾಚಾರದ ದೂರು ಕೊಟ್ಟವರಿಗೆ ಅಪರಾಧ ನ್ಯಾಯವ್ಯವಸ್ಥೆಯನ್ನು ಬಲ್ಲ ಒಬ್ಬ ಪ್ರತಿನಿಧಿ ಇರಬೇಕು, ಆ ಪ್ರತಿನಿಧಿ ಪ್ರಕ್ರಿಯೆಯನ್ನು ವಿವರಿಸುವುದಷ್ಟೇ ಅಲ್ಲದೆ ಠಾಣೆಯಲ್ಲೂ ನ್ಯಾಯಾಲಯದಲ್ಲೂ ಜೊತೆಗಿದ್ದು, ಮಾನಸಿಕ ಹಾಗೂ ವೈದ್ಯಕೀಯ ನೆರವು ಎಲ್ಲಿ ಸಿಗುತ್ತದೆಂಬುದನ್ನೂ ತೋರಿಸಿಕೊಡಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿತು. ಅದೇ ತೀರ್ಪಿನಲ್ಲಿ, ಅಷ್ಟಾಗಿ ಗಮನಕ್ಕೆ ಬಾರದ ಇನ್ನೊಂದು ಮಾತಿದೆ: ಠಾಣೆಯಲ್ಲಿ ಜೊತೆಗಿದ್ದವರೇ ಪ್ರಕರಣ ಮುಗಿಯುವ ತನಕ ಜೊತೆಗಿರಬೇಕು. ವೈದ್ಯರು, ತನಿಖಾಧಿಕಾರಿಗಳು, ಸರ್ಕಾರಿ ಅಭಿಯೋಜಕರು ವರ್ಗವಾಗಿ ಹೋಗುತ್ತಾರೆ, ನ್ಯಾಯಾಧೀಶರೂ ಬದಲಾಗುತ್ತಾರೆ, ಪ್ರತಿ ಬದಲಾವಣೆಗೂ ನೊಂದವರು ತಮ್ಮ ಕಥೆಯನ್ನು ಮೊದಲಿನಿಂದ ಹೇಳಬೇಕಾಗುತ್ತದೆ. ಹಾಗಾಗಿ ಕೊನೆಯವರೆಗೆ ಬದಲಾಗದ ಒಂದು ಮುಖ ಇರಲಿ ಎಂಬ ಈ ಬಯಕೆ ಸಣ್ಣದಲ್ಲ. ಮೂರು ದಶಕಗಳು ಕಳೆದರೂ ಆ ಮಾತು ಎಲ್ಲರಿಗೂ ಸಿಗುವ ಏರ್ಪಾಡಾಗಿಲ್ಲ.

ಆ ಮಾತು ಶಾಸನಬದ್ಧ ರೂಪ ಪಡೆದಿರುವುದು ಮುಖ್ಯವಾಗಿ ಮಕ್ಕಳ ವಿಷಯದಲ್ಲಿ. ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ 2012ರ ಕಾಯ್ದೆ, ಅಂದರೆ ಪೋಕ್ಸೊ, ಮತ್ತು ಅದರಡಿ 2020ರಲ್ಲಿ ಬಂದ ನಿಯಮಗಳು ‘ಬೆಂಬಲ ವ್ಯಕ್ತಿ’ ಎಂಬ ಸ್ಥಾನವನ್ನು ಸೃಷ್ಟಿಸಿವೆ. ಈ ಕ್ಷೇತ್ರದಲ್ಲಿ ದುಡಿಯುವವರ ಬಾಯಲ್ಲಿ ಅದು ಇಂದಿಗೂ ‘ಸಪೋರ್ಟ್ ಪರ್ಸನ್’ ಎಂದೇ ಇದೆ. ದೂರು ಬಂದ 24 ಗಂಟೆಗಳೊಳಗೆ ಪೊಲೀಸರು ಮಕ್ಕಳ ಕಲ್ಯಾಣ ಸಮಿತಿಗೂ ವಿಶೇಷ ನ್ಯಾಯಾಲಯಕ್ಕೂ ವರದಿ ಮಾಡಬೇಕು, ಸಮಿತಿಯು ಮಗು ಮತ್ತು ಪೋಷಕರ ಒಪ್ಪಿಗೆಯ ಮೇರೆಗೆ ಒಬ್ಬರನ್ನು ಗೊತ್ತುಮಾಡಬಹುದು, ಹಾಗೆ ಗೊತ್ತಾದವರು ತನಿಖೆ ಮತ್ತು ವಿಚಾರಣೆಯ ಉದ್ದಕ್ಕೂ ಮಗುವಿನ ಜೊತೆಗಿದ್ದು, ಆರೋಪಿಗೆ ಜಾಮೀನು ಸಿಕ್ಕಿದೆಯೇ, ಮುಂದಿನ ವಾಯಿದೆ ಯಾವಾಗ, ಪರಿಹಾರಕ್ಕೆ ಅರ್ಜಿ ಎಲ್ಲಿ ಹಾಕಬೇಕು ಎಂಬುದನ್ನೆಲ್ಲ ಮನೆಯವರಿಗೆ ತಿಳಿಸುತ್ತಿರಬೇಕು ಎಂಬುದು ನಿಯಮದ ಸಾರ.

ಕಾಗದದ ಮೇಲೆ ಇದು ಮಾಹಿತಿ ಒದಗಿಸುವ ಕೆಲಸದಂತೆ ತೋರುತ್ತದೆ. ಹತ್ತಿರದಿಂದ ನೋಡಿದರೆ ಬೇರೆಯೇ ಕಾಣುತ್ತದೆ. ವೈದ್ಯಕೀಯ ತಪಾಸಣೆಯ ಸಮಯದಲ್ಲಿ ಹುಡುಗಿ ಉಟ್ಟ ಬಟ್ಟೆಯನ್ನು ಸಾಕ್ಷ್ಯವಾಗಿ ತೆಗೆದಿಟ್ಟುಕೊಳ್ಳುತ್ತಾರೆಂಬುದು ಅನುಭವಿ ಕಾರ್ಯಕರ್ತೆಗೆ ಗೊತ್ತಿರುತ್ತದೆ, ಆದ್ದರಿಂದ ಅವಳ ಕೈಚೀಲದಲ್ಲಿ ಒಂದು ಜೊತೆ ಚೂಡಿದಾರ, ಒಳ ಉಡುಪು, ನೀರಿನ ಬಾಟಲಿ, ಬಿಸ್ಕತ್ತಿನ ಪೊಟ್ಟಣ ಇರುತ್ತವೆ. ತಪಾಸಣೆಗೆ ಒಪ್ಪಿಗೆ ಬೇಕು, ಒಲ್ಲೆನೆನ್ನಲು ಅವಕಾಶವಿದೆ, ಮತ್ತು ‘ಎರಡು ಬೆರಳಿನ ಪರೀಕ್ಷೆ’ ಎಂಬ ಹೀನ ಪದ್ಧತಿಯನ್ನು ಸುಪ್ರೀಂ ಕೋರ್ಟ್ 2013ರಲ್ಲಿ ಖಂಡಿಸಿ 2022ರಲ್ಲಿ ಮತ್ತೆ ನಿಷೇಧಿಸಿ ಹೇಳಿದೆ ಎಂಬುದನ್ನು ಆ ಗಳಿಗೆಯಲ್ಲಿ ನೆನಪಿಸುವವರು ಆ ಕೊಠಡಿಯಲ್ಲಿ ಅವಳೊಬ್ಬಳೇ ಇರಬಹುದು. ಸಾಕ್ಷ್ಯ ನುಡಿಯುವ ದಿನಕ್ಕೆ ಮೊದಲು, ಕಲಾಪವಿಲ್ಲದ ಹೊತ್ತು ನೋಡಿ, ಅವಳು ಮಗುವನ್ನು ಖಾಲಿ ನ್ಯಾಯಾಲಯಕ್ಕೆ ಕರೆದೊಯ್ಯುತ್ತಾಳೆ. ನ್ಯಾಯಾಧೀಶರು ಕೂರುವುದು ಎಲ್ಲಿ, ಬೆರಳಚ್ಚು ಮಾಡಿಕೊಳ್ಳುವವರು ಯಾರು, ಆರೋಪಿ ಕಾಣದಂತೆ ಪರದೆ ಎಲ್ಲಿ ಬರುತ್ತದೆ, ಬಾಯಾರಿದರೆ ನೀರು ಕೇಳಬಹುದು, ಪ್ರಶ್ನೆ ಅರ್ಥವಾಗದಿದ್ದರೆ ‘ಅರ್ಥವಾಗಲಿಲ್ಲ’ ಎನ್ನಬಹುದು, ಮರೆತಿದ್ದರೆ ‘ಮರೆತಿದ್ದೇನೆ’ ಎನ್ನಬಹುದು ಎಂದು ಒಂದೊಂದಾಗಿ ತೋರಿಸುತ್ತಾಳೆ. ಕುರ್ಚಿಯಲ್ಲಿ ಕೂತು ಕಾಲು ಆಡಿಸಿ ನೋಡಿದ ಮಗುವಿಗೆ ಮರುದಿನ ಆ ಕೋಣೆ ಅಪರಿಚಿತವಾಗಿರುವುದಿಲ್ಲ. ಇಷ್ಟನ್ನು ಮಾಡಲು ದೊಡ್ಡ ಮೊತ್ತ ಬೇಕಾಗಿಲ್ಲ, ಹೊಸ ಕಾಯ್ದೆಯೂ ಬೇಕಾಗಿಲ್ಲ. ಆದರೆ ಇದು ಯಾರ ಕೆಲಸವೆಂದು ಗೊತ್ತಾಗದ ಕಡೆ ಯಾರೂ ಮಾಡುವುದಿಲ್ಲ.

ಇಲ್ಲಿಂದ ಮುಖ್ಯ ವಾದಕ್ಕೆ ಬರಬೇಕು. ನೊಂದವರ ಸುತ್ತ ನಿಂತಿರುವ ಪ್ರತಿಯೊಬ್ಬರಿಗೂ ಅವರಿಂದ ಏನಾದರೊಂದು ಬೇಕಾಗಿರುತ್ತದೆ. ತನಿಖಾಧಿಕಾರಿಗೆ ಗೊಂದಲವಿಲ್ಲದ ಹೇಳಿಕೆ ಬೇಕು, ಅಭಿಯೋಜಕರಿಗೆ ಪಾಟಿ ಸವಾಲಿನಲ್ಲಿ ಕದಲದ ಸಾಕ್ಷಿ ಬೇಕು, ಇಲಾಖೆಗೆ ಕಡತ ಮುಗಿದಿರಬೇಕು, ಪತ್ರಿಕೆಗೆ ಸುದ್ದಿ ಬೇಕು, ಚಳವಳಿಗೆ ಒಂದು ಗೆಲುವು ಬೇಕು, ಮನೆಯವರಿಗೆ ಅನೇಕ ಸಲ ಮರ್ಯಾದೆ ಉಳಿದರೆ ಸಾಕು. ಇವುಗಳಲ್ಲಿ ಕೆಲವು ನ್ಯಾಯವಾದ ಅಪೇಕ್ಷೆಗಳೇ. ಆದರೆ ನೊಂದವರಿಗೆ ಏನು ಬೇಕು ಎಂದು ಕೇಳುವುದನ್ನೇ ತನ್ನ ಕಸುಬಾಗಿಸಿಕೊಂಡ ಒಬ್ಬರು ಇವರ ಸಾಲಿನಲ್ಲಿ ಇಲ್ಲದಿದ್ದರೆ, ಉಳಿದವರ ಬೇಡಿಕೆಗಳ ಮೊತ್ತವೇ ನೊಂದವರ ಹಿತ ಎನಿಸಿಕೊಂಡುಬಿಡುತ್ತದೆ. ಆದ್ದರಿಂದ ಒತ್ತಾಸೆಗೆ ನಿಲ್ಲುವವರು ನೊಂದ ವ್ಯಕ್ತಿಗೆ ಮಾತ್ರ ಉತ್ತರದಾಯಿಯಾಗಿರಬೇಕು, ಅವರ ಕೆಲಸವನ್ನು ಶಿಕ್ಷೆಯ ಪ್ರಮಾಣದಿಂದ ಅಳೆಯಬಾರದು, ಮತ್ತು ಠಾಣೆಯ ಅಥವಾ ಅಭಿಯೋಜನೆಯ ಕೈಕೆಳಗೆ ಅವರನ್ನು ಇರಿಸಬಾರದು. ಆರೋಪಿಗೆ ಶಿಕ್ಷೆಯಾದದ್ದೇ ಬೆಂಬಲ ವ್ಯಕ್ತಿಯ ಯಶಸ್ಸೆಂದು ಬರೆದುಕೊಳ್ಳುವ ವ್ಯವಸ್ಥೆಯಲ್ಲಿ, ಅವಳು ತನಗರಿವಿಲ್ಲದೆಯೇ ಮಗುವಿನ ಜೊತೆಗಾರ್ತಿಯಾಗಿರುವುದನ್ನು ಬಿಟ್ಟು ಸಾಕ್ಷಿಯ ಕಾವಲುಗಾರ್ತಿಯಾಗುತ್ತಾಳೆ.

ಈ ಅಪಾಯ ಕಲ್ಪಿತವಲ್ಲ. ಲೈಂಗಿಕ ದೌರ್ಜನ್ಯದ ಬಹುಪಾಲು ಪ್ರಕರಣಗಳಲ್ಲಿ ಆರೋಪಿ ಪರಿಚಿತನೇ. ನೆರೆಯವನು, ಸಂಬಂಧಿಕ, ಕೆಲವೊಮ್ಮೆ ತಂದೆ ಅಥವಾ ಮಲತಂದೆ. ಅವನ ದುಡಿಮೆಯಿಂದಲೇ ಮನೆಯ ಒಲೆ ಉರಿಯುತ್ತಿರುತ್ತದೆ. ಆತ ಜೈಲಿಗೆ ಹೋದ ತಿಂಗಳೇ ಬಾಡಿಗೆ ಬಾಕಿ ಬೀಳುತ್ತದೆ, ಅಜ್ಜಿ ಮನೆಯವರು ಬಂದು ತಾಯಿಯನ್ನು ದೂರುತ್ತಾರೆ, ಊರ ಹಿರಿಯರು ಪಂಚಾಯಿತಿ ಕೂಡಿಸಿ ರಾಜಿ ಮಾಡಿಕೊಳ್ಳಿರೆಂದು ಒತ್ತಾಯಿಸುತ್ತಾರೆ, ಮತ್ತು ಒಂದು ದಿನ ಹುಡುಗಿ ಕಟಕಟೆಯಲ್ಲಿ ನಿಂತು ತನಗೇನೂ ಗೊತ್ತಿಲ್ಲವೆಂದು ನುಡಿಯುತ್ತಾಳೆ. ಕಾನೂನಿನ ಪರಿಭಾಷೆಯಲ್ಲಿ ಅವಳು ‘ಪ್ರತಿಕೂಲ ಸಾಕ್ಷಿ’, ಅಂದರೆ ತನ್ನನ್ನು ಕರೆಸಿದ ಪಕ್ಷಕ್ಕೇ ತಿರುಗಿ ನಿಂತ ಸಾಕ್ಷಿ. ಅಲ್ಲಿಗೆ ಅಭಿಯೋಜಕರ ಸಂಬಂಧ ಮುಗಿಯುತ್ತದೆ. ಬೆಂಬಲ ವ್ಯಕ್ತಿಯ ಸಂಬಂಧ ಮುಗಿಯಬಾರದು. ಅವಳು ಶಿಕ್ಷೆಗೆ ಉತ್ತರದಾಯಿಯಾಗಿದ್ದರೆ ಅಂದೇ ಎದ್ದು ಹೋಗುತ್ತಾಳೆ, ಹುಡುಗಿಗೆ ಉತ್ತರದಾಯಿಯಾಗಿದ್ದರೆ ಆ ಸಂಜೆ ಹುಡುಗಿ ಹಿಂದಿರುಗುವ ಮನೆ ಸುರಕ್ಷಿತವೇ ಎಂದು ವಿಚಾರಿಸುತ್ತಾಳೆ. ನಿಜಕ್ಕೂ, ಹಣದ ಆಸರೆಯೊಂದು ಸಮಯಕ್ಕೆ ದೊರೆತಿದ್ದರೆ ಎಷ್ಟೋ ಸಾಕ್ಷಿಗಳು ಪ್ರತಿಕೂಲರಾಗುತ್ತಿರಲಿಲ್ಲ. ಪೋಕ್ಸೊ ನಿಯಮಗಳಲ್ಲಿ ಮಧ್ಯಂತರ ಪರಿಹಾರಕ್ಕೆ ಅವಕಾಶವಿದೆ, ಲೈಂಗಿಕ ದೌರ್ಜನ್ಯಕ್ಕೊಳಗಾದ ಮಹಿಳೆಯರಿಗಾಗಿ ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ 2018ರಲ್ಲಿ ರೂಪಿಸಿದ ಯೋಜನೆಯಲ್ಲಿ ಅತ್ಯಾಚಾರಕ್ಕೆ 4 ಲಕ್ಷದಿಂದ 7 ಲಕ್ಷ ರೂಪಾಯಿಗಳವರೆಗೆ ಪರಿಹಾರ ನಿಗದಿಯಾಗಿದೆ. ಆದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಬಾಗಿಲು ಎಲ್ಲಿದೆಯೆಂದು ತೋರಿಸಿ, ಬ್ಯಾಂಕ್ ಖಾತೆ ತೆರೆಸಿ, ಅರ್ಜಿಯ ಬೆನ್ನು ಹತ್ತುವವರು ಬೇಕಲ್ಲ.

ಗೋಪ್ಯತೆಯ ವಿಷಯದಲ್ಲಿ ತೊಡಕು ಇನ್ನೂ ಬಿಗಿಯಾಗಿದೆ. ಕಕ್ಷಿದಾರರು ವಕೀಲರಿಗೆ ಹೇಳಿದ್ದನ್ನು ಹೊರಗೆಡವುವಂತೆ ಯಾರೂ ಒತ್ತಾಯಿಸಲಾಗದೆಂಬ ರಕ್ಷಣೆ ಸಾಕ್ಷ್ಯ ಕಾನೂನಿನಲ್ಲಿದೆ. 2023ರ ಭಾರತೀಯ ಸಾಕ್ಷ್ಯ ಅಧಿನಿಯಮವೂ ಅದನ್ನು ಉಳಿಸಿಕೊಂಡಿದೆ. ಆಪ್ತಸಮಾಲೋಚಕರಿಗಾಗಲೀ ಬೆಂಬಲ ವ್ಯಕ್ತಿಗಾಗಲೀ ಅಂಥ ರಕ್ಷಣೆಯಿಲ್ಲ. ಗುಟ್ಟು ಕಾಯಬೇಕೆಂದು ಪೋಕ್ಸೊ ನಿಯಮ ಅವರಿಗೆ ಹೇಳುತ್ತದೆ, ಆದರೆ ಸಮನ್ಸ್ ಕಳಿಸಿ ಕಟಕಟೆ ಹತ್ತಿಸಿದಾಗ ಆ ಗುಟ್ಟನ್ನು ಕಾಯುವ ಹಕ್ಕನ್ನು ಕೊಡುವುದಿಲ್ಲ. ಅಮೆರಿಕದ ಹಲವು ರಾಜ್ಯಗಳು, ಕ್ಯಾಲಿಫೋರ್ನಿಯಾ ಅವುಗಳಲ್ಲೊಂದು, ಲೈಂಗಿಕ ದೌರ್ಜನ್ಯದ ಸಮಾಲೋಚಕರಿಗೆ ಈ ಹಕ್ಕನ್ನು ಶಾಸನದಲ್ಲೇ ಬರೆದುಕೊಟ್ಟಿವೆ. ಇದರ ಜೊತೆಗೆ ಪೋಕ್ಸೊ ಕಾಯ್ದೆಯ ಸೆಕ್ಷನ್ 19ರ ಪ್ರಕಾರ, ಅಪರಾಧ ನಡೆದದ್ದು ತಿಳಿದ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದಿದ್ದರೆ ಅದೇ ಶಿಕ್ಷಾರ್ಹ. ದೊಡ್ಡವರ ಮೌನವನ್ನೇ ಆಸರೆ ಮಾಡಿಕೊಂಡ ಅಪರಾಧಗಳಲ್ಲಿ ಈ ಕಡ್ಡಾಯಕ್ಕೆ ಅರ್ಥವಿದೆ. ಆದರೂ ಹದಿನಾರರ ಹುಡುಗಿಯೊಬ್ಬಳು ಯಾರಲ್ಲಾದರೂ ಹೇಳಿಕೊಳ್ಳಬೇಕೆಂದು ಬಂದಾಗ, ಬಾಯಿ ತೆರೆಯುವ ಮುಂಚೆಯೇ ‘ನೀನು ಹೇಳಿದ್ದನ್ನು ನಾನು ಠಾಣೆಗೆ ತಿಳಿಸಬೇಕಾಗುತ್ತದೆ’ ಎಂದು ಎಚ್ಚರಿಸುವುದು ಪ್ರಾಮಾಣಿಕ ಕಾರ್ಯಕರ್ತೆಯ ಕರ್ತವ್ಯವಾಗುತ್ತದೆ, ಮತ್ತು ಆ ಎಚ್ಚರಿಕೆಯನ್ನು ಕೇಳಿ ಎದ್ದುಹೋದ ಹುಡುಗಿಯರ ಲೆಕ್ಕ ಯಾವ ಕಡತದಲ್ಲೂ ಸಿಗುವುದಿಲ್ಲ. ಕಡ್ಡಾಯ ವರದಿಯ ನಿಯಮವನ್ನು ತೆಗೆದುಹಾಕಬೇಕೆಂಬುದು ಇಲ್ಲಿಯ ವಾದವಲ್ಲ. ವರದಿಯಾದ ಮೇಲಿನ ಮಾತುಗಳಿಗಾದರೂ, ಅಂದರೆ ಭಯ, ನಾಚಿಕೆ, ಸಿಟ್ಟು, ಆರೋಪಿಯ ಬಗ್ಗೆ ಇನ್ನೂ ಉಳಿದಿರಬಹುದಾದ ಮಮತೆ ಇವುಗಳನ್ನು ಹೇಳಿಕೊಂಡ ಮಾತುಗಳಿಗಾದರೂ, ನ್ಯಾಯಾಲಯದಿಂದ ರಕ್ಷಣೆ ಇರಲೇಬೇಕು.

ಈ ಪಾತ್ರದ ಬಗ್ಗೆ ಆರೋಪಿ ಪರ ವಕೀಲರು ಎತ್ತುವ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕುವುದು ತಪ್ಪು. ಜೊತೆಗಿರುವವರು ಸಾಕ್ಷಿಗೆ ಹೇಳಿಕೊಡುತ್ತಾರೆ, ಪಾಠ ಒಪ್ಪಿಸುವಂತೆ ತಯಾರು ಮಾಡುತ್ತಾರೆ ಎಂಬುದು ಅವರ ಶಂಕೆ. ಆರೋಪ ಸಾಬೀತಾಗುವ ತನಕ ಆರೋಪಿ ನಿರಪರಾಧಿಯೆಂಬ ತತ್ವವನ್ನು ನಂಬುವ ಯಾರಿಗೂ ಈ ಶಂಕೆ ಅಪ್ರಸ್ತುತವಲ್ಲ. ಆದರೆ ನ್ಯಾಯಾಲಯವನ್ನು ಪರಿಚಯಿಸುವುದಕ್ಕೂ ಉತ್ತರವನ್ನು ಬಾಯಿಪಾಠ ಮಾಡಿಸುವುದಕ್ಕೂ ನಡುವಿನ ಗೆರೆ ಮಸುಕಾದದ್ದಲ್ಲ: ಬೆಂಬಲ ವ್ಯಕ್ತಿ ಕೋಣೆಯ ಬಗ್ಗೆ ಮಾತಾಡಬಹುದು, ಘಟನೆಯ ಬಗ್ಗೆ ಮಾತಾಡಬಾರದು. ಗೆಲುವಿಗೆ ಉತ್ತರದಾಯಿಯಲ್ಲದ ವ್ಯಕ್ತಿಗೆ ಹೇಳಿಕೊಡುವ ಆಮಿಷವೂ ಇರುವುದಿಲ್ಲವಾದ್ದರಿಂದ, ಶಿಕ್ಷೆಯ ಲೆಕ್ಕದಿಂದ ಅವಳನ್ನು ಬೇರ್ಪಡಿಸುವುದು ಆರೋಪಿಯ ಹಿತಕ್ಕೂ ಒದಗುತ್ತದೆ. ಗಾಯಗೊಂಡವರಿಗೆ ಮುಲಾಮು ಹಚ್ಚುವ ದಾದಿ ಹೊಡೆದವರು ಯಾರೆಂದು ತೀರ್ಪು ಕೊಟ್ಟಂತಾಗುವುದಿಲ್ಲ.

ನೊಂದವರ ಪರ ವಕೀಲರ ವಿಷಯದಲ್ಲಿ ಸುಪ್ರೀಂ ಕೋರ್ಟ್ ಎಳೆದಿರುವ ಗೆರೆಗಳನ್ನೂ ಇಲ್ಲಿ ಗಮನಿಸಬೇಕು. 2019ರ ರೇಖಾ ಮುರಾರ್ಕಾ ಪ್ರಕರಣದಲ್ಲಿ, ಕರ್ನಾಟಕದವರಾದ ನ್ಯಾಯಮೂರ್ತಿ ಮೋಹನ ಶಾಂತನಗೌಡರ ಅವರು ಬರೆದ ತೀರ್ಪು, ನೊಂದವರ ವಕೀಲರು ಅಭಿಯೋಜಕರಿಗೆ ನೆರವಾಗಬಹುದು, ಕೇಳಬೇಕಾದ ಪ್ರಶ್ನೆಯನ್ನು ಅವರ ಮೂಲಕ ಅಥವಾ ನ್ಯಾಯಾಧೀಶರ ಮೂಲಕ ಸೂಚಿಸಬಹುದು, ತಾವೇ ಪಾಟಿ ಸವಾಲು ನಡೆಸುವಂತಿಲ್ಲ ಎಂದಿತು. ವಿಚಾರಣೆ ಖಾಸಗಿ ಸೇಡಿನ ಕಣವಾಗಬಾರದೆಂಬುದು ಅದರ ಹಿಂದಿನ ಕಾಳಜಿ. ಅದಕ್ಕೆ ಒಂದು ವರ್ಷ ಮೊದಲು, 2018ರ ಅಕ್ಟೋಬರ್‌ನಲ್ಲಿ ಬಂದ ಮಲ್ಲಿಕಾರ್ಜುನ ಕೊಡಗಲಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದ ತೀರ್ಪು ಇನ್ನೊಂದು ದಿಕ್ಕಿನಲ್ಲಿ ಬಾಗಿಲು ತೆರೆದಿತ್ತು. 2009ರ ಫೆಬ್ರವರಿಯಲ್ಲಿ ಹಲ್ಲೆಗೊಳಗಾದ ಕೊಡಗಲಿಯವರು, ಬಾಗಲಕೋಟೆಯ ಸೆಷನ್ಸ್ ನ್ಯಾಯಾಲಯ ಆರೋಪಿಗಳನ್ನು ಖುಲಾಸೆ ಮಾಡಿದಾಗ ಮೇಲ್ಮನವಿ ಸಲ್ಲಿಸಹೋದರು. ನೊಂದವರಿಗೆ ಮೇಲ್ಮನವಿಯ ಹಕ್ಕು ಕೊಟ್ಟ ತಿದ್ದುಪಡಿ ಜಾರಿಗೆ ಬಂದದ್ದು ಘಟನೆಯ ನಂತರ, ಅದೇ ವರ್ಷದ ಡಿಸೆಂಬರ್ 31ರಂದು, ಎಂಬ ಕಾರಣಕ್ಕೆ ಹೈಕೋರ್ಟಿನಲ್ಲಿ ಅದು ನಿಲ್ಲಲಿಲ್ಲ. ಸುಪ್ರೀಂ ಕೋರ್ಟಿನ ಬಹುಮತದ ತೀರ್ಪು, ಖುಲಾಸೆಯ ವಿರುದ್ಧ ನೊಂದವರು ವಿಶೇಷ ಅನುಮತಿ ಬೇಡದೆಯೇ ಮೇಲ್ಮನವಿ ಸಲ್ಲಿಸಬಹುದೆಂದು ಹೇಳಿತು. ಅಷ್ಟರಲ್ಲಿ ಕೊಡಗಲಿಯವರು ತೀರಿಕೊಂಡಿದ್ದರು. ಪ್ರಕರಣದ ತಲೆಬರಹದಲ್ಲಿ ಅವರ ಹೆಸರಿನ ಪಕ್ಕದಲ್ಲೇ ‘ಮೃತ’ ಎಂಬ ಪದವಿದೆ. ತಮ್ಮ ಹಕ್ಕನ್ನು ಗೆದ್ದುಕೊಳ್ಳಲು ಒಬ್ಬ ನಾಗರಿಕರಿಗೆ ಬೇಕಾದ ಕಾಲ ಇಷ್ಟು ದೀರ್ಘವೆಂದಾದರೆ, ಅಷ್ಟೂ ಕಾಲ ಜೊತೆಗಿರುವವರ ಅಗತ್ಯವನ್ನು ಬೇರೆ ವಾದಗಳಿಂದ ಸಮರ್ಥಿಸಬೇಕಾಗಿಲ್ಲ.

ಮಕ್ಕಳಲ್ಲದ ನೊಂದವರ ಸ್ಥಿತಿ ಇನ್ನೂ ಅಸ್ಪಷ್ಟ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ತನಿಖೆಯ ಪ್ರಗತಿಯನ್ನು 90 ದಿನಗಳೊಳಗೆ ಫಿರ್ಯಾದಿಗೆ ಅಥವಾ ನೊಂದವರಿಗೆ ತಿಳಿಸಬೇಕೆನ್ನುತ್ತದೆ. ಆದರೆ ಮೊಬೈಲಿಗೆ ಬಂದ ಒಂದು ಸಾಲಿನ ಸಂದೇಶದ ಅರ್ಥವೇನೆಂದು ಬಿಡಿಸಿ ಹೇಳುವವರ ಬಗ್ಗೆ ಮೌನವಾಗಿದೆ. ಕೌಟುಂಬಿಕ ಹಿಂಸೆ ತಡೆಯುವ 2005ರ ಕಾಯ್ದೆಯಡಿ ಸಂರಕ್ಷಣಾಧಿಕಾರಿಗಳಿದ್ದಾರೆ. ಕರ್ನಾಟಕದಲ್ಲಿ ಆ ಹೊಣೆ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳ ಹೆಗಲಿಗೆ ಬಿದ್ದಿದೆ, ಅಂಗನವಾಡಿಗಳ ಉಸ್ತುವಾರಿಯ ನಡುವೆ ಅವರು ಹಿಂಸೆಯ ವರದಿಗಳನ್ನೂ ಬರೆಯಬೇಕು. ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಮೇಲಿನ ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ಸೇರಿಸಿದ ಸೆಕ್ಷನ್ 15ಎ, ಜಾಮೀನಿನ ವಿಚಾರಣೆಯೂ ಸೇರಿದಂತೆ ಪ್ರತಿ ಕಲಾಪದ ಸೂಚನೆ ಪಡೆಯುವ ಹಕ್ಕನ್ನೂ, ಸಂಘಸಂಸ್ಥೆ, ಸಮಾಜ ಕಾರ್ಯಕರ್ತರು ಇಲ್ಲವೆ ವಕೀಲರ ನೆರವು ಪಡೆಯುವ ಹಕ್ಕನ್ನೂ ನೊಂದವರಿಗೆ ಕೊಟ್ಟಿದೆ. ದಲಿತ ಕೇರಿಯ ಕುಟುಂಬವೊಂದು ಊರಿನ ಬಹಿಷ್ಕಾರದ ನಡುವೆ ಸಾಕ್ಷ್ಯ ಹೇಳಬೇಕಾದಾಗ ಈ ನೆರವು ಎಷ್ಟು ದೊಡ್ಡದೆಂದು ಬಲ್ಲವರು, ಈ ಕಲಮನ್ನು ಇತರ ಕಾಯ್ದೆಗಳಿಗೂ ಮಾದರಿಯಾಗಿ ಕಾಣಬೇಕು. ಹಕ್ಕನ್ನು ಕೊಟ್ಟ ಕಾನೂನು ನೆರವಿಗೆ ಬರುವವರ ಖರ್ಚನ್ನು ಯಾರು ಭರಿಸಬೇಕೆಂದು ಅಷ್ಟೇ ಗಟ್ಟಿಯಾಗಿ ಹೇಳಿಲ್ಲವೆಂಬುದು ಅದರ ಕೊರತೆ.

ಖರ್ಚಿನ ಮಾತು ಬಂದಾಗ ಈ ಕೆಲಸವನ್ನು ಸೇವೆಯೆಂದು ಹೊಗಳಿ ಸಂಬಳದ ಪ್ರಶ್ನೆಯನ್ನು ಮುಚ್ಚಿಹಾಕುವ ಅಭ್ಯಾಸ ನಮ್ಮಲ್ಲಿ ಬೇರೂರಿದೆ. ಕರ್ನಾಟಕದ ಸಾಂತ್ವನ ಕೇಂದ್ರಗಳು ಸ್ವಯಂಸೇವಾ ಸಂಸ್ಥೆಗಳ ಮೂಲಕ, ಅನುದಾನದ ಆಧಾರದ ಮೇಲೆ ನಡೆದವು. 2015ರಿಂದ ಬಂದ ಸಖಿ ಒನ್ ಸ್ಟಾಪ್ ಕೇಂದ್ರಗಳಲ್ಲಿ ದುಡಿಯುವವರೂ ಹೆಚ್ಚಾಗಿ ಗುತ್ತಿಗೆಯವರೇ. ಬೆಂಬಲ ವ್ಯಕ್ತಿಗೆ ಕನಿಷ್ಠ ವೇತನ ಕಾಯ್ದೆಯ ಕುಶಲ ಕಾರ್ಮಿಕರಿಗಿಂತ ಕಡಿಮೆ ಕೊಡಬಾರದೆಂದು ಪೋಕ್ಸೊ ನಿಯಮ ಹೇಳಿತ್ತು. 2023ರ ಆಗಸ್ಟ್‌ನಲ್ಲಿ, ಬಚಪನ್ ಬಚಾವೋ ಆಂದೋಲನದ ಅರ್ಜಿಯ ಮೇಲೆ ನ್ಯಾಯಮೂರ್ತಿ ಎಸ್. ರವೀಂದ್ರ ಭಟ್ ಮತ್ತು ನ್ಯಾಯಮೂರ್ತಿ ಅರವಿಂದ ಕುಮಾರ್ ಅವರಿದ್ದ ಸುಪ್ರೀಂ ಕೋರ್ಟ್ ಪೀಠ ಇದಕ್ಕಿಂತ ಮುಂದೆ ಹೋಗಿ, ಅದೇ ಅರ್ಹತೆಯ ಸರ್ಕಾರಿ ನೌಕರರ ಸಂಬಳಕ್ಕೆ ಹೊಂದುವಂತೆ ಅವರ ಸಂಭಾವನೆ ಇರಬೇಕು, ಬೆಂಬಲ ವ್ಯಕ್ತಿಯ ಅಗತ್ಯವನ್ನು ಪೋಷಕರ ವಿವೇಚನೆಗೆ ಬಿಟ್ಟು ಕೂರಬಾರದು ಎಂದು ಹೇಳಿತು. ಸಂಬಳದ ಈ ಪ್ರಶ್ನೆ ಉತ್ತರದಾಯಿತ್ವದ ಪ್ರಶ್ನೆಯಿಂದ ಬೇರೆಯಲ್ಲ. ಮುಂದಿನ ಮಾರ್ಚಿಗೆ ಗುತ್ತಿಗೆ ಮುಗಿಯುವ ಕಾರ್ಯಕರ್ತೆ, ತನ್ನ ನವೀಕರಣಕ್ಕೆ ಸಹಿ ಹಾಕುವ ಅಧಿಕಾರಿಯ ಎದುರಿಗೆ, ಠಾಣೆಯಲ್ಲಿ ಹುಡುಗಿಯನ್ನು ರಾತ್ರಿಯವರೆಗೆ ಕೂರಿಸಿದ್ದರೆಂದು ದೂರುವುದು ಕಷ್ಟ. ವರ್ಷವರ್ಷವೂ ಕಾರ್ಯಕರ್ತೆಯರು ಬದಲಾಗುವ ಕಡೆ, 1994ರಲ್ಲಿ ಸುಪ್ರೀಂ ಕೋರ್ಟ್ ಬಯಸಿದ ಆ ಬದಲಾಗದ ಮುಖ ಎಲ್ಲಿಂದ ಬರಬೇಕು? ಇನ್ನೊಬ್ಬರ ನೋವನ್ನು ದಿನವೂ ಕೇಳಿಸಿಕೊಳ್ಳುವವರಿಗೆ ನಿದ್ದೆ ಕೆಡುತ್ತದೆ, ಮನಸ್ಸು ಮರಗಟ್ಟುತ್ತದೆ. ಅವರ ಭಾರವನ್ನು ಇಳಿಸಿಕೊಳ್ಳಲು ಅನುಭವಿ ಮೇಲ್ವಿಚಾರಕರು, ರಜೆ, ಪ್ರಕರಣಗಳ ಸಂಖ್ಯೆಗೆ ಮಿತಿ ಇವೆಲ್ಲ ಬೇಕು. ಜಿಲ್ಲೆಗೊಂದು ಕಾಯಂ ತಂಡವನ್ನು, ಪೊಲೀಸ್ ಇಲಾಖೆಯಿಂದಲೂ ಅಭಿಯೋಜನಾ ಇಲಾಖೆಯಿಂದಲೂ ಹೊರಗೆ, ಸ್ವತಂತ್ರ ಪ್ರಾಧಿಕಾರವೊಂದರ ಅಡಿಯಲ್ಲಿ ನೇಮಿಸುವುದಕ್ಕಿಂತ ಕಡಿಮೆಯಾದ ಯಾವುದೂ ಈ ಅಗತ್ಯವನ್ನು ಪೂರೈಸದು.

ಅಂಥ ತಂಡದ ಕೆಲಸ ತೀರ್ಪಿನ ದಿನಕ್ಕೆ ಮುಗಿಯಲಾರದು. ಆರೋಪಿ ಖುಲಾಸೆಯಾದರೆ, ತಾನು ಸುಳ್ಳು ಹೇಳಿದಳೆಂದು ನ್ಯಾಯಾಲಯ ತೀರ್ಮಾನಿಸಿತೆಂದೇ ಹುಡುಗಿ ತಿಳಿಯುತ್ತಾಳೆ, ಊರೂ ಹಾಗೆಯೇ ತಿಳಿಯುತ್ತದೆ. ಸಂಶಯಾತೀತವಾಗಿ ಸಾಬೀತಾಗಲಿಲ್ಲ ಎಂಬುದಕ್ಕೂ ಘಟನೆ ನಡೆಯಲೇ ಇಲ್ಲ ಎಂಬುದಕ್ಕೂ ಇರುವ ಅಂತರವನ್ನು ತೀರ್ಪಿನ ಪ್ರತಿಯನ್ನು ಮುಂದಿಟ್ಟುಕೊಂಡು, ಅದರ ಇಂಗ್ಲಿಷನ್ನು ಅವಳ ಕನ್ನಡಕ್ಕೆ ತಂದು, ಅವಳ ತಾಯಿಯೂ ಕೇಳುವಂತೆ ಒಬ್ಬರು ಕೂತು ವಿವರಿಸಬೇಕು. ಮೇಲ್ಮನವಿಗೆ ದಾರಿಯಿದೆ ಎಂದೂ ತಿಳಿಸಬೇಕು, ಅದನ್ನು ಹಿಡಿಯದಿರುವ ಸ್ವಾತಂತ್ರ್ಯವೂ ಅವಳಿಗಿದೆ ಎಂದೂ ತಿಳಿಸಬೇಕು. ಅವಳು ಮೇಲ್ಮನವಿ ಬೇಡ, ಪಿಯುಸಿಗೆ ಬೇರೆ ಊರಿನ ಕಾಲೇಜಿಗೆ ಸೇರಬೇಕು ಎಂದರೆ, ಮರುದಿನ ವರ್ಗಾವಣೆ ಪತ್ರಕ್ಕಾಗಿ ಅವಳ ಜೊತೆ ಶಾಲೆಯ ಕಚೇರಿಗೆ ಹೋಗಬೇಕಾದವರೂ ಅದೇ ಕಾರ್ಯಕರ್ತೆಯೇ.